ಡಂಜನ್ ಮಾಂಗಾ ಓದಿ ಗೆಲ್ಲಲು ಹದಿನೈದು ಸೂತ್ರಗಳು

ಜಪಾನಿನ ಚಿತ್ರಕಥೆ ಮಾಂಗಾವನ್ನು ಶುರು ಮಾಡುವವರು ಬಹಳ, ಕೊನೆ ಮುಟ್ಟಿಸುವವರು ಕಡಿಮೆ. ಹತ್ತು ಸರಣಿಗಳ ಮೊದಲ ಸಂಪುಟ ಓದಿ ಒಂದನ್ನೂ ಮುಗಿಸದೆ ಬಿಟ್ಟವರು ಯಾವ ಕಾಲೇಜಿಗೆ ಹೋದರೂ ಸಿಗುತ್ತಾರೆ. ಒಂದನ್ನಾದರೂ ಪೂರ್ತಿ ಓದಬೇಕು, ಓದಿದ್ದು ದಕ್ಕಬೇಕು ಎನ್ನುವ ಕಾರವಾರ, ಅಂಕೋಲೆಯ ಓದುಗರಿಗೆ ನಾನು ಧೈರ್ಯವಾಗಿ ಹೇಳುವ ಸರಣಿ ರ್ಯೋಕೋ ಕುಯಿ ಅವರ ‘ಡೆಲಿಷಸ್ ಇನ್ ಡಂಜನ್’.

ಸಾಹಸಿಗಳ ಗುಂಪೊಂದು ಡಂಜನ್‌ಗೆ, ಅಂದರೆ ನೆಲದಡಿಯ ಮಹಾ ಚಕ್ರವ್ಯೂಹಕ್ಕೆ ಇಳಿಯುತ್ತದೆ. ಕೈಯಲ್ಲಿ ಕಾಸಿಲ್ಲ, ಗಂಟಿನಲ್ಲಿ ಬುತ್ತಿಯಿಲ್ಲ. ದಾರಿಯಲ್ಲಿ ಎದುರಾದ ವಿಚಿತ್ರ ಜೀವಿಗಳನ್ನೇ ಬೇಯಿಸಿ ತಿಂದು ಮುಂದೆ ಸಾಗುತ್ತದೆ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ತೋಳ್ಬಲ ಗೆಲ್ಲುತ್ತದೆ. ಇಲ್ಲಿ ಗೆಲ್ಲುವುದು ನೋಟ. ಎದುರಿಗಿರುವುದು ಎಂಥ ಜೀವ, ಏನು ತಿಂದು ಬದುಕುತ್ತದೆ, ಅದರ ಹೊಟ್ಟೆಯೊಳಗೆ ಏನಿದೆ ಎಂದು ನಿಂತು ನೋಡಿದವರಿಗೆ ಊಟವೂ ಸಿಗುತ್ತದೆ, ದಾರಿಯೂ ಸಿಗುತ್ತದೆ. ಓದುವವರಿಗೂ ಅದೇ ಕಟ್ಟಳೆ. ಕಡಲು, ಹೊಳೆ, ಕಾಡು ಮೂರನ್ನೂ ಮನೆಯ ಹಿಂದುಮುಂದೆಯೇ ಕಂಡು ಬೆಳೆದವರಿಗೆ ಈ ನೋಟ ಅರ್ಧ ಸಿದ್ಧವಾಗಿಯೇ ಇರುತ್ತದೆ. ಉಳಿದರ್ಧಕ್ಕೆ ಈ ಸೂತ್ರಗಳು.

1. ಮುಗಿದಿರುವ ಸರಣಿಯನ್ನೇ ಹಿಡಿಯಿರಿ

‘ಒನ್ ಪೀಸ್’ 1997ರಲ್ಲಿ ಶುರುವಾದದ್ದು. ನೂರು ಸಂಪುಟ ದಾಟಿದ ಮೇಲೂ ನಡೆಯುತ್ತಲೇ ಇದೆ. ಅದು ಒಳ್ಳೆಯ ಸರಣಿಯೇ, ಆದರೆ ಮೊದಲ ಓದಿಗೆ ಅಷ್ಟು ದೂರದ ದಡ ಬೇಡ. ‘ಡೆಲಿಷಸ್ ಇನ್ ಡಂಜನ್’ 2014ರ ಫೆಬ್ರವರಿಯಲ್ಲಿ ‘ಹಾರ್ತಾ’ ಪತ್ರಿಕೆಯಲ್ಲಿ ಆರಂಭವಾಗಿ 2023ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಒಟ್ಟು 97 ಅಧ್ಯಾಯ, 14 ಸಂಪುಟ. ಎಲ್ಲವೂ ಯೆನ್ ಪ್ರೆಸ್‌ನಿಂದ ಇಂಗ್ಲಿಷಿನಲ್ಲಿ ಬಂದಿವೆ. ಜಪಾನಿನ ವೈಜ್ಞಾನಿಕ ಕಥಾಭಿಮಾನಿಗಳು ಕೊಡುವ ಸೈಯುನ್ ಪ್ರಶಸ್ತಿ 2024ರಲ್ಲಿ ಇದಕ್ಕೆ ಸಂದಿದೆ. ಕೊನೆ ಎಲ್ಲಿದೆ ಎಂದು ಗೊತ್ತಿರುವ ದಾರಿಯಲ್ಲಿ ಕಾಲು ಸೋಲುವುದಿಲ್ಲ.

2. ಬಲದಿಂದ ಎಡಕ್ಕೆ ಕಣ್ಣು ಪಳಗಿಸಿ

ಇಂಗ್ಲಿಷ್ ಪ್ರತಿಯಲ್ಲೂ ಪುಟಗಳು ಜಪಾನಿನ ಕ್ರಮದಲ್ಲೇ ಇರುತ್ತವೆ. ನಾವು ಹಿಂಬದಿ ಎನ್ನುವ ಕಡೆಯಿಂದ ಪುಸ್ತಕ ತೆರೆಯಬೇಕು. ಪುಟದ ಮೇಲ್ಗಡೆ ಬಲಮೂಲೆಯ ಚೌಕಟ್ಟಿನಿಂದ ಶುರು ಮಾಡಿ ಎಡಕ್ಕೆ, ಆಮೇಲೆ ಕೆಳಕ್ಕೆ. ಚೌಕಟ್ಟಿನೊಳಗಿನ ಮಾತುಗಳಿಗೂ ಇದೇ ಕ್ರಮ: ಬಲಗಡೆಯ ಮಾತು ಮೊದಲು. ಆರಂಭದಲ್ಲಿ ಉತ್ತರ ಓದಿದ ಮೇಲೆ ಪ್ರಶ್ನೆ ಸಿಕ್ಕಂತಾಗುತ್ತದೆ, ಧೃತಿಗೆಡಬೇಡಿ. ಮೊದಲ ಮೂರು ಅಧ್ಯಾಯಗಳನ್ನು ಎರಡೆರಡು ಸಲ ಓದಿ. ಮೊದಲ ಸಲ ಬೆರಳಿಟ್ಟು, ಎರಡನೆಯ ಸಲ ಬೆರಳಿಲ್ಲದೆ. ನಾಲ್ಕನೆಯ ಅಧ್ಯಾಯಕ್ಕೆ ಕಣ್ಣು ತಾನಾಗಿ ಹೋಗುತ್ತದೆ.

3. ಯಾಕೆ ಇಳಿದರು ಎಂಬುದನ್ನು ಮರೆಯಬೇಡಿ

ಕಥೆಯ ನಾಯಕ ಲಾಯೋಸ್. ಅವನ ತಂಗಿ ಫಾಲಿನ್, ಮಂತ್ರವಿದ್ಯೆ ಬಲ್ಲವಳು. ಕೆಂಪು ಡ್ರ್ಯಾಗನ್ ಅವಳನ್ನು ನುಂಗುವ ಕ್ಷಣದಲ್ಲಿ ಅವಳು ಕೊನೆಯ ಮಂತ್ರ ಹಾಕಿ ಅಣ್ಣನನ್ನೂ ಜೊತೆಗಾರರನ್ನೂ ಹೊರಗೆ ದಾಟಿಸುತ್ತಾಳೆ. ಈ ಲೋಕದಲ್ಲಿ ಡಂಜನ್‌ನೊಳಗೆ ಸತ್ತವರನ್ನು ಬದುಕಿಸುವ ವಿದ್ಯೆಯಿದೆ. ಆದರೆ ಡ್ರ್ಯಾಗನ್ ಅವಳನ್ನು ಅರಗಿಸಿಕೊಳ್ಳುವುದರೊಳಗೆ ಅಲ್ಲಿಗೆ ತಲುಪಬೇಕು. ಸಾಮಾನು ಸರಂಜಾಮೆಲ್ಲ ಕೆಳಗೇ ಉಳಿದಿದೆ, ಇಬ್ಬರು ತಂಡ ಬಿಟ್ಟು ಹೋಗಿದ್ದಾರೆ. ಆದರೂ ಇಳಿಯುತ್ತಾರೆ.

ಕರಾವಳಿಯ ಯಕ್ಷಗಾನ ಕಂಡವರಿಗೆ ಈ ಇಳಿತ ಹೊಸದಲ್ಲ. ‘ಮೈರಾವಣ ಕಾಳಗ’ ಪ್ರಸಂಗದಲ್ಲಿ ರಾಮಲಕ್ಷ್ಮಣರನ್ನು ಮೈರಾವಣ ಪಾತಾಳಕ್ಕೆ ಒಯ್ಯುತ್ತಾನೆ. ಬಲಿ ಕೊಡುವುದರೊಳಗೆ ಹನುಮಂತ ಅಲ್ಲಿಗೆ ಇಳಿಯಬೇಕು, ಬಾಗಿಲಲ್ಲಿ ಕಾವಲಿಗೆ ನಿಂತ ಸ್ವಂತ ಮಗನನ್ನೇ ಎದುರಿಸಬೇಕು. ನಮ್ಮವರನ್ನು ಕತ್ತಲೆಯಿಂದ ಮೇಲಕ್ಕೆ ತರುವುದೇ ಎರಡು ಕಡೆಯೂ ಇರುವ ಛಲ. ಪ್ರತಿ ಸಂಪುಟ ತೆರೆಯುವ ಮುನ್ನ ಫಾಲಿನ್‌ಳನ್ನು ಒಮ್ಮೆ ನೆನೆಯಿರಿ. ಆಗ ನಗುವಿನ ಪ್ರಸಂಗದ ಅಡಿಯಲ್ಲೂ ಅವಸರದ ಎದೆಬಡಿತ ಕೇಳುತ್ತದೆ.

4. ಮಳೆಗಾಲಕ್ಕೆ ಹೊಂದಿಸಿಕೊಳ್ಳಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 61 ದಿನ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಅಂಗಳಕ್ಕೆ ಕಾಲಿಡಲಾಗದ ಮಳೆ, ಮಧ್ಯಾಹ್ನಕ್ಕೇ ಮಬ್ಬುಗತ್ತಲೆ. ಓದಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ದಿನಕ್ಕೆ ಎರಡು ಅಧ್ಯಾಯ ಓದಿದರೆ 97 ಅಧ್ಯಾಯಕ್ಕೆ 49 ದಿನ. ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ನಿಮ್ಮ ಸರಣಿಯೂ ಮುಗಿದಿರುತ್ತದೆ, ಹನ್ನೆರಡು ದಿನ ಕೈಯಲ್ಲೂ ಉಳಿಯುತ್ತದೆ. ಜ್ವರ, ಪರೀಕ್ಷೆ, ನೆಂಟರ ಮನೆ, ಕರೆಂಟು ಹೋದ ರಾತ್ರಿ ಎಲ್ಲಕ್ಕೂ ಅಷ್ಟು ಸಾಕು. ಬಹುಪಾಲು ಅಧ್ಯಾಯಗಳು ಒಂದೊಂದು ಅಡುಗೆಯ ಸುತ್ತ ಕಟ್ಟಿಕೊಂಡಿರುವುದರಿಂದ ನಿಲ್ಲಿಸಲು ಜಾಗ ಹುಡುಕಬೇಕಾಗಿಲ್ಲ. ಒಂದೇ ರಾತ್ರಿ ನಾಲ್ಕು ಸಂಪುಟ ನುಂಗುವ ಆಸೆ ಬರುತ್ತದೆ, ತಡೆಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ.

5. ಹಸಿದು ಓದಬೇಡಿ, ನಿದ್ದೆಗೆಟ್ಟೂ ಓದಬೇಡಿ

ಲಾಯೋಸ್‌ನ ತಂಡ ಡ್ರ್ಯಾಗನ್ನಿಗೆ ಸೋತದ್ದು ಬಲ ಸಾಲದೆ ಅಲ್ಲ. ಬುತ್ತಿ ಕಳೆದುಕೊಂಡು, ಹಸಿವಿನಿಂದ ಕೈಕಾಲು ಆಡದೆ. ಮೊದಲ ಅಧ್ಯಾಯದಲ್ಲೇ ಕುಯಿ ಅವರು ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ. ಹಾಗಾಗಿ ಈ ಕಥೆಯಲ್ಲಿ ಒಲೆ ಹಚ್ಚುವುದು ಕತ್ತಿ ಹಿರಿಯುವಷ್ಟೇ ದೊಡ್ಡ ಕೆಲಸ. ತಂಡಕ್ಕೆ ಬಂದು ಸೇರುವ ಸೆನ್ಶಿ ಎಂಬ ಕುಳ್ಳ ಹಿರಿಯ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಬಡಿಸುತ್ತಾನೆ, ತಿನ್ನದೆ ಮಲಗಿದವರನ್ನು ಗದರುತ್ತಾನೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಬಾಳುವವನು ಅವನು. ನೀವೂ ಉಂಡು ಕುಳಿತುಕೊಳ್ಳಿ. ಕಣ್ಣು ಎಳೆಯತೊಡಗಿದರೆ ಪುಸ್ತಕ ಮುಚ್ಚಿ ಮಲಗಿ. ಪರೀಕ್ಷೆಗೆ, ಸಂದರ್ಶನಕ್ಕೆ, ಆಟದ ಮೈದಾನಕ್ಕೆ ಹೋಗುವವರಿಗೂ ಈ ಒಂದು ಸೂತ್ರ ಸಾಕು.

6. ಮಾತು ಓದಿ ಓಡಬೇಡಿ, ಚಿತ್ರ ನೋಡಿ

ಪ್ರತಿ ಪುಟದಲ್ಲಿ ಒಂದು ಚೌಕಟ್ಟನ್ನಾದರೂ ಆರಿಸಿಕೊಂಡು ನಿಧಾನಕ್ಕೆ ನೋಡಿ. ಮೊದಲ ಸಂಪುಟದ ನಡೆದಾಡುವ ರಕ್ಷಾಕವಚದ ಪ್ರಸಂಗವನ್ನೇ ತೆಗೆದುಕೊಳ್ಳಿ. ಖಾಲಿ ಕವಚಗಳು ಕತ್ತಿ ಹಿಡಿದು ಮೈಮೇಲೆ ಬರುತ್ತವೆ. ಯಾರೋ ಮಂತ್ರ ಹಾಕಿ ಕುಣಿಸುತ್ತಿದ್ದಾರೆ ಎಂದೇ ಎಲ್ಲರ ನಂಬಿಕೆ. ಲಾಯೋಸ್ ಮಾತ್ರ ಹೊಡೆದಾಟದ ನಡುವೆಯೂ ನೋಡುತ್ತಾನೆ. ಕೊನೆಗೆ ಒಂದು ಕವಚದ ಒಳಗನ್ನು ಬಗೆದು ನೋಡಿದರೆ ಅದರ ತುಂಬ ಮೆತ್ತನೆಯ ಮೈಯ, ಚಿಪ್ಪಿಜೀವಿಯಂಥ ಪ್ರಾಣಿಗಳು. ಕೈಗವಸಿನಲ್ಲಿ ಒಂದು, ಎದೆಗವಚದಲ್ಲಿ ಒಂದು, ಶಿರಸ್ತ್ರಾಣದಲ್ಲಿ ಒಂದು. ಒಂದಕ್ಕೊಂದು ಹೊಂದಿಕೊಂಡು ಒಂದೇ ಆಳಿನಂತೆ ನಡೆಯುತ್ತಿವೆ. ಲೋಹದ ಕವಚವೇ ಅವುಗಳ ಚಿಪ್ಪು.

ಆಮೇಲೆ ಒಲೆ ಹಚ್ಚುತ್ತಾರೆ. ಒಂದಿಷ್ಟನ್ನು ಹುರಿಯುತ್ತಾರೆ, ಒಂದಿಷ್ಟನ್ನು ಸುಡುತ್ತಾರೆ, ಉಳಿದದ್ದು ಸಾರಿಗೆ. ಕಾಳಿ ಹೊಳೆಯ ಅಳಿವೆಯಲ್ಲಿ ಚಿಪ್ಪಿ ಆಯುವುದನ್ನು ಕಂಡವರಿಗೆ ಈ ಪುಟಗಳ ಸತ್ಯ ಥಟ್ಟನೆ ಹೊಳೆಯುತ್ತದೆ. ಬಿಸಿ ತಾಗಿದಾಗ ಮೈ ಚಿಪ್ಪಿನಿಂದ ಬಿಟ್ಟುಕೊಳ್ಳುವುದನ್ನು ಕುಯಿ ಅವರು ಎಷ್ಟು ಸರಿಯಾಗಿ ಬರೆದಿದ್ದಾರೆ ನೋಡಿ. ಕಲ್ಪನೆ ಎಷ್ಟು ಎತ್ತರಕ್ಕೆ ಹಾರಿದರೂ ಅದರ ಕಾಲು ನೆಲದಲ್ಲಿದೆ.

7. ಮೀನು ಮಾರುಕಟ್ಟೆಗೆ ಹೋಗಿ ಬನ್ನಿ

ಎರಡು ಸಂಪುಟ ಮುಗಿದ ಮೇಲೆ ಒಂದು ಬೆಳಿಗ್ಗೆ ಇದಕ್ಕೆಂದೇ ಇಡಿ. ಕಾರವಾರದ ಮೀನು ಮಾರುಕಟ್ಟೆ ಆಗಬಹುದು, ಅಂಕೋಲೆ ಪೇಟೆ, ಕೇಣಿ, ಬೇಲೆಕೇರಿ ಯಾವುದೂ ಆಗಬಹುದು. ಕೊಳ್ಳುವ ಗಡಿಬಿಡಿಯಿಲ್ಲದೆ ನೋಡಿ. “ಅಕ್ಕಾ, ಈ ಬಂಗಡೆ ಇವತ್ತಿನದೋ?” ಎಂದು ಕೇಳಿದರೆ ಮಾರುವ ಹೆಂಗಸು ಬಾಯಿಮಾತಿನ ಉತ್ತರ ಕೊಡುವುದಿಲ್ಲ, ಕಿವಿರು ಎತ್ತಿ ತೋರಿಸುತ್ತಾಳೆ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಒಳಗೆ ಕುಸಿದಿರಬಾರದು. ಬೆರಳಿನಿಂದ ಒತ್ತಿದರೆ ತಗ್ಗು ಬೀಳದೆ ಮೈ ಮತ್ತೆ ಎದ್ದು ನಿಲ್ಲಬೇಕು. ಶೆಟ್ಲಿಯ ತಲೆ ಮೈಗೆ ಗಟ್ಟಿಯಾಗಿ ಅಂಟಿಕೊಂಡಿರಬೇಕು. ಏಡಿಯನ್ನು ತಿರುಗಿಸಿ ಹೊಟ್ಟೆಯ ಮೇಲಿನ ಮುಚ್ಚಳ ನೋಡಿದರೆ ಅಗಲವಾಗಿರುವುದು ಹೆಣ್ಣು, ಕಿರಿದಾಗಿ ಚೂಪಾಗಿರುವುದು ಗಂಡು.

ಲಾಯೋಸ್ ಮತ್ತು ಸೆನ್ಶಿ ಪ್ರತಿ ಅಧ್ಯಾಯದಲ್ಲಿ ಮಾಡುವುದು ಇದನ್ನೇ. ಹೆಸರು ಕೇಳಿ ಹೆದರುವುದಿಲ್ಲ. ಎತ್ತಿ, ತಿರುಗಿಸಿ, ಒತ್ತಿ, ಮೂಸಿ ನೋಡುತ್ತಾರೆ. ಮನೆಗೆ ಬಂದು ನೀವು ಕಂಡ ಒಂದು ಏಡಿಯನ್ನು ಕಾಗದದ ಮೇಲೆ ಬರೆಯಿರಿ. ಚೆಂದ ಬಾರದಿದ್ದರೂ ಪರವಾಗಿಲ್ಲ. ಕಾಲೆಷ್ಟು, ಗಂಟೆಲ್ಲಿ, ಕಣ್ಣೆಲ್ಲಿ ಎಂದು ನೆನಪಿಸಿಕೊಳ್ಳುವಾಗ ಎಷ್ಟನ್ನು ನೋಡಿರಲಿಲ್ಲ ಎಂಬುದು ತಿಳಿಯುತ್ತದೆ. ಮೂರನೆಯ ಸಂಪುಟ ಓದುವಾಗ ನಿಮ್ಮ ಕಣ್ಣು ಹರಿತವಾಗಿರುತ್ತದೆ.

8. ‘ಛೀ’ ಎನ್ನುವ ಮೊದಲು ಒಂದು ಪುಟ ತಡೆಯಿರಿ

ತಂಡದಲ್ಲಿ ಮಾರ್ಸಿಲ್ ಎಂಬ ಎಲ್ಫ್ ಹುಡುಗಿಯಿದ್ದಾಳೆ, ಮಂತ್ರಶಾಲೆಯಲ್ಲಿ ಕಲಿತು ಬಂದವಳು. ಚೇಳು ತಿನ್ನುವುದೆಂದರೆ ಅವಳಿಗೆ ಮೈ ನಡುಕ. ಕೂಗುತ್ತಾಳೆ, ಅಳುತ್ತಾಳೆ, ಮುಖ ತಿರುಗಿಸುತ್ತಾಳೆ, ಆಮೇಲೆ ಒಂದು ತುತ್ತು ಬಾಯಿಗಿಡುತ್ತಾಳೆ. ಓದುಗರ ಅಸಹ್ಯಕ್ಕೆಲ್ಲ ಅವಳು ಬಾಯಾಗಿದ್ದಾಳೆ. ಅವಳ ಜೊತೆಗೆ ನೀವೂ ಕೂಗಿ, ಆದರೆ ಪುಸ್ತಕ ಕೆಳಗಿಡಬೇಡಿ.

ಮನೆಯಲ್ಲಿ ಮೀನುಮಾಂಸ ಬೇಯದವರೂ ಈ ಸರಣಿಯನ್ನು ಧಾರಾಳವಾಗಿ ಓದಬಹುದು. ನಡೆದಾಡುವ ಅಣಬೆ, ಕಿರುಚುವ ಗೆಡ್ಡೆ, ಮಣ್ಣಿನ ಗೊಂಬೆಗಳ ಬೆನ್ನ ಮೇಲೆ ಬೆಳೆದ ತರಕಾರಿ ಎಲ್ಲವೂ ಇಲ್ಲಿ ಅಡುಗೆಯಾಗುತ್ತವೆ. ಬೇರೊಬ್ಬರ ತಟ್ಟೆಯನ್ನು ಗೌರವದಿಂದ ನೋಡುವುದನ್ನು ಕಲಿಸುವ ಕಥೆ ಇದು. ಒಂದೇ ಬೀದಿಯಲ್ಲಿ ಹತ್ತು ಬಗೆಯ ಅಡುಗೆಮನೆಗಳಿರುವ ಉತ್ತರ ಕನ್ನಡದಲ್ಲಿ ಆ ಕಲಿಕೆಗೆ ಬೆಲೆಯಿದೆ.

9. ನಕ್ಷೆ ಬರೆಯುತ್ತಾ ಹೋಗಿ

ನೆಲದಡಿಯ ಚಕ್ರವ್ಯೂಹದಲ್ಲಿ ಮಹಡಿ ಮಹಡಿಯಾಗಿ ಇಳಿಯುವ ಆಟಗಳ ಪರಂಪರೆ ದೊಡ್ಡದು. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂತು. 1981ರಲ್ಲಿ ಬಂದ ‘ವಿಜಾರ್ಡ್ರಿ’ ಎಂಬ ಕಂಪ್ಯೂಟರ್ ಆಟ ಜಪಾನಿನಲ್ಲಿ ಅಪಾರ ಜನಪ್ರಿಯವಾಯಿತು. ಅದನ್ನು ಆಡುವವರು ಚೌಕಳಿ ಕಾಗದದ ಮೇಲೆ ಕೈಯಾರೆ ನಕ್ಷೆ ಬರೆದುಕೊಳ್ಳುತ್ತಿದ್ದರು. ನೀವೂ ಹಾಗೆ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ಪ್ರತಿ ಮಹಡಿಯಲ್ಲಿ ಕಂಡದ್ದನ್ನು ಗುರುತಿಸಿ. ನಾಲ್ಕನೆಯ ಮಹಡಿಯಲ್ಲಿ ಕೆರೆಯಿದೆ, ಅದರ ಕೆಳಗೆ ಪಾಳುಬಿದ್ದ ಕೋಟೆಪೇಟೆ. ಯಾವ ಜೀವಿ ಎಲ್ಲಿ, ನೀರು ಎಲ್ಲಿಂದ, ಬೆಳಕು ಎಲ್ಲಿಂದ ಎಂದು ಬರೆದಿಟ್ಟರೆ ಹತ್ತನೆಯ ಸಂಪುಟದ ಹೊತ್ತಿಗೆ ದಾರಿ ತಪ್ಪುವುದಿಲ್ಲ.

ಇಕ್ಕಟ್ಟು, ಕತ್ತಲೆ, ತೇವ ಎಂದರೆ ಏನೆಂದು ಮೈಗೆ ತಿಳಿಯಬೇಕಾದರೆ ಯಾಣಕ್ಕೆ ಹೋಗಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಕಪ್ಪು ಸುಣ್ಣಕಲ್ಲಿನ ಸೀಳಿನೊಳಗೆ ಹೆಜ್ಜೆಯಿಟ್ಟಾಗ ಸದ್ದು ಬದಲಾಗುವುದನ್ನು ಗಮನಿಸಿ. ಕಾರವಾರದಲ್ಲೇ ಇರುವವರಿಗೆ ಟಾಗೋರ್ ಕಡಲತೀರದ ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯವಿದೆ. ಕಡಿದಾದ ಏಣಿ ಇಳಿದು ತಲೆ ತಗ್ಗಿಸಿ ನಡೆದರೆ, ಇಕ್ಕಟ್ಟಿನಲ್ಲಿ ಬದುಕುವವರಿಗೆ ಒಂದೊಂದು ಗೇಣು ಜಾಗವೂ ಎಷ್ಟು ಮುಖ್ಯ ಎಂಬುದು ತಿಳಿಯುತ್ತದೆ.

10. ಯಾರು ಯಾರನ್ನು ತಿನ್ನುತ್ತಾರೆ ಎಂದು ಕೇಳಿ

ಈ ಡಂಜನ್ ಒಂದು ಪೂರ್ತಿ ಕಾಡು. ಇಲ್ಲಿನ ಪ್ರತಿ ಜೀವಕ್ಕೂ ಆಹಾರವಿದೆ, ಶತ್ರುವಿದೆ, ಮನೆಯಿದೆ. ಸೆನ್ಶಿ ವರ್ಷಗಟ್ಟಲೆ ಒಳಗೇ ಬಾಳಿದವನು. ಕಾವಲಿಗೆ ನಿಂತ ಮಣ್ಣಿನ ಗೊಂಬೆಗಳ ಬೆನ್ನಿನಲ್ಲಿ ಬೀಜ ಬಿತ್ತಿ ತರಕಾರಿ ತೆಗೆಯುತ್ತಾನೆ, ಕಳೆ ಕೀಳುತ್ತಾನೆ, ಗೊಬ್ಬರ ಹಾಕುತ್ತಾನೆ. ಬೇಕಾದಷ್ಟೇ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತಾನೆ. ಒಂದು ಜೀವ ಪೂರ್ತಿ ಹೋದರೆ ಅದನ್ನು ನಂಬಿದ್ದೆಲ್ಲ ಹೋಗುತ್ತದೆ ಎಂಬುದು ಅವನಿಗೆ ಗೊತ್ತು.

ಇದನ್ನು ಓದುವಾಗ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದಿರುವುದು ಹೇಗೆ? ಶಾಲೆಯ ಮೆಟ್ಟಿಲು ಹತ್ತದ ಈ ಹಾಲಕ್ಕಿ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಗಟ್ಟಿ ಸಸಿ ಕೊಡುವ ತಾಯಿಮರ ಯಾವುದು ಎಂಬುದು ಅವರ ಕಣ್ಣಿಗೆ ತಿಳಿಯುತ್ತಿತ್ತು. 2020ರ ಪದ್ಮಶ್ರೀ ಪ್ರಶಸ್ತಿಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ಹೋಗಿ ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಸೆನ್ಶಿ ಕಾಗದದ ಮೇಲಿನ ಪಾತ್ರ. ಅವನಂಥ ತಿಳಿವು ರಕ್ತಮಾಂಸವಾಗಿ ನಮ್ಮ ತಾಲ್ಲೂಕಿನಲ್ಲೇ ಬಾಳಿತ್ತು. ನಿಮ್ಮ ಊರಿನಲ್ಲಿ ಕಾಡು, ಹೊಳೆ ಬಲ್ಲ ಹಿರಿಯರು ಇದ್ದಾರೆ. ಒಂದು ಸಂಜೆ ಅವರ ಜೊತೆ ಕುಳಿತು ಕೇಳಿ. ಸರಣಿಯ ಅರ್ಧ ಸ್ವಾರಸ್ಯ ಅಲ್ಲಿ ಬಿಚ್ಚಿಕೊಳ್ಳುತ್ತದೆ.

11. ನಾಲ್ವರ ತಂಡ ಕಟ್ಟಿ

ಲಾಯೋಸ್‌ಗೆ ಪ್ರಾಣಿಗಳ ಹುಚ್ಚು, ಮಾರ್ಸಿಲ್‌ಗೆ ಮಂತ್ರ, ಚಿಲ್ಚಕ್‌ಗೆ ಬೀಗ ಮತ್ತು ಬಲೆ, ಸೆನ್ಶಿಗೆ ಒಲೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬಾರದು. ಚಿಲ್ಚಕ್ ‘ಇಲ್ಲಿ ಕಾಲಿಡಬೇಡ’ ಎಂದರೆ ಹಿರಿಯನಾದ ಸೆನ್ಶಿಯೂ ನಿಲ್ಲಬೇಕು. ಅದೇ ಸೆನ್ಶಿ ಬೆಂಕಿಯುಗುಳುವ, ಕಾದ ಎಣ್ಣೆ ಚೆಲ್ಲುವ ಬಲೆಗಳನ್ನು ಚಿಲ್ಚಕ್‌ನ ನೆರವಿನಿಂದ ಪಳಗಿಸಿ ಕರಿದ ತಿಂಡಿ ಮಾಡುತ್ತಾನೆ. ಎರಡು ವಿದ್ಯೆ ಸೇರಿದಾಗ ಅಪಾಯವೇ ಅಡುಗೆಮನೆಯಾಗುತ್ತದೆ.

ನೀವೂ ನಾಲ್ವರು ಸೇರಿ. ಹದಿನಾಲ್ಕು ಸಂಪುಟ ಒಬ್ಬರೇ ಕೊಳ್ಳುವುದು ಕಷ್ಟ. ಹಂಚಿಕೊಂಡರೆ ತಲೆಗೆ ಮೂರೋ ನಾಲ್ಕೋ. ಮಡಗಾಂವಕ್ಕೆ ಹೋಗುವವರಿಗೆ, ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಪಟ್ಟಿ ಕೊಟ್ಟು ಕಳಿಸಿ. ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೂ ತರಿಸಿಕೊಡಿ ಎಂದು ಬರೆದು ಕೇಳಿ. ಕೇಳುವ ಓದುಗರಿದ್ದರೆ ಗ್ರಂಥಾಲಯದ ಕಪಾಟು ಬೆಳೆಯುತ್ತದೆ. ಕದ್ದು ಹಾಕಿದ ಪ್ರತಿಗಳನ್ನು ಮೊಬೈಲಿನಲ್ಲಿ ಓದಬೇಡಿ. ಒಂಬತ್ತೂವರೆ ವರ್ಷ ಕೂತು ಗೆರೆ ಎಳೆದವರ ಅನ್ನ ಅದು.

12. ಇಂಗ್ಲಿಷಿಗೆ ಅಂಜಬೇಡಿ, ಚುಟುಕ ಬರೆಯಿರಿ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾಂಗಾ ಅತ್ಯುತ್ತಮ ಇಂಗ್ಲಿಷ್ ಪಾಠ. ಮಾತುಗಳು ಚಿಕ್ಕವು, ಪಕ್ಕದಲ್ಲೇ ಚಿತ್ರದ ಆಸರೆಯಿದೆ, ಹೇಳುವವರ ಮುಖ ಕಾಣುತ್ತಿದೆ. ಪುಟಕ್ಕೆ ಎರಡೇ ಹೊಸ ಪದ ಬರೆದುಕೊಳ್ಳಿ, ಮಿಕ್ಕದ್ದನ್ನು ಊಹಿಸಿ ಮುಂದೆ ಹೋಗಿ. ಅಡುಗೆಯ ಸಾಮಗ್ರಿ, ಮಾಡುವ ಕ್ರಮ ಬಂದಲ್ಲಿ ಮಾತ್ರ ನಿಂತು ಒಂದೊಂದು ಪದವನ್ನೂ ಬಿಡಿಸಿ. ಹುರಿ, ಬೇಯಿಸು, ಸೋಸು, ಹೆಚ್ಚು ಎಂಬ ಕ್ರಿಯಾಪದಗಳೆಲ್ಲ ಅಲ್ಲಿ ಸಿಗುತ್ತವೆ.

ಓದಿದ್ದು ದಕ್ಕಿತೇ ಎಂದು ನೋಡಲು ಅಂಕೋಲೆಯವರಿಗೆ ಮನೆಯಲ್ಲೇ ಒಂದು ದಾರಿಯಿದೆ. ದಿನಕರ ದೇಸಾಯಿಯವರು (1909–1982) ನಾಲ್ಕೇ ಸಾಲಿನ ಚುಟುಕದಲ್ಲಿ ಊರು, ದೇಶ, ನೋವು, ನಗು ಎಲ್ಲವನ್ನೂ ಹಿಡಿದಿಟ್ಟವರು. ಪ್ರತಿ ಸಂಪುಟ ಮುಗಿದಾಗ ಅದರ ಸಾರವನ್ನು ನಾಲ್ಕು ಸಾಲಿನ, ಪ್ರಾಸವಿರುವ ಒಂದು ಚುಟುಕವಾಗಿ ಕನ್ನಡದಲ್ಲಿ ಬರೆಯಿರಿ. ಹದಿನಾಲ್ಕು ಸಂಪುಟಕ್ಕೆ ಹದಿನಾಲ್ಕು ಚುಟುಕ. ಯಾವುದು ಮುಖ್ಯ, ಯಾವುದನ್ನು ಬಿಡಬೇಕು ಎಂದು ಆರಿಸುವಾಗ ಇಡೀ ಸಂಪುಟ ಮತ್ತೊಮ್ಮೆ ಕಣ್ಣ ಮುಂದೆ ಹಾದುಹೋಗುತ್ತದೆ.

13. ಅನಿಮೆ ಆಮೇಲೆ ನೋಡಿ

ಟ್ರಿಗರ್ ಸ್ಟುಡಿಯೊ ಇದನ್ನು ಅನಿಮೆ ಮಾಡಿದೆ. 2024ರ ಜನವರಿಯಿಂದ ಜೂನ್‌ವರೆಗೆ 24 ಕಂತುಗಳು ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಚೆನ್ನಾಗಿಯೇ ಇದೆ. ಆದರೆ ಅದು ಕಥೆಯನ್ನು ಪೂರ್ತಿ ಹೇಳುವುದಿಲ್ಲ, ನಡುದಾರಿಯಲ್ಲಿ ನಿಲ್ಲುತ್ತದೆ. ಮೊದಲು ನೋಡಿದರೆ ನಿಮ್ಮ ತಲೆಯಲ್ಲಿ ಹುಟ್ಟಬೇಕಾದ ದನಿ, ಬಣ್ಣಗಳನ್ನು ಬೇರೆಯವರು ತುಂಬಿಬಿಡುತ್ತಾರೆ. ಮೊದಲು ಪುಸ್ತಕ, ಆಮೇಲೆ ಪರದೆ. ಓದಿ ಮುಗಿಸಿದವರು ನೋಡುವಾಗ ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಎಂದು ಹಿಡಿಯಬಲ್ಲರು. ಆ ಸುಖವೇ ಬೇರೆ.

14. ತಂದೆತಾಯಂದಿರು ಜೊತೆಗೆ ಓದಲಿ

ಅಡುಗೆ, ನಗು ಎಂದು ಶುರುವಾಗುವ ಕಥೆ ಕೆಂಪು ಡ್ರ್ಯಾಗನ್ನಿನ ಪ್ರಸಂಗದ ನಂತರ ಗಂಭೀರವಾಗುತ್ತದೆ. ರಕ್ತವಿದೆ, ಸಾವಿದೆ, ನಿಷಿದ್ಧ ಮಂತ್ರವಿದೆ. ಬಯಕೆ ಮಿತಿಮೀರಿದರೆ ಏನಾಗುತ್ತದೆ ಎಂಬ ದೊಡ್ಡ ಪ್ರಶ್ನೆಯಿದೆ. ಹೈಸ್ಕೂಲಿಗೆ ಕಾಲಿಟ್ಟ ಮಕ್ಕಳಿಗೆ ಇದು ತಕ್ಕ ಓದು. ಚಿಕ್ಕ ಮಕ್ಕಳಿಗೆ ಬೇಡ. ‘ಚಿತ್ರದ ಪುಸ್ತಕ, ಇದರಲ್ಲೇನಿದೆ’ ಎಂದು ತಳ್ಳಿಹಾಕುವ ಅಪ್ಪ ಅಮ್ಮಂದಿರು ಒಂದು ಸಂಪುಟ ಓದಿ ನೋಡಲಿ. ‘ಚಂದಮಾಮ’ಕ್ಕಾಗಿ ತಿಂಗಳುಗಟ್ಟಲೆ ಕಾದು, ಶಂಕರ್ ಬರೆದ ವಿಕ್ರಮ ಬೇತಾಳರ ಚಿತ್ರವನ್ನು ದಿಟ್ಟಿಸಿದ ತಲೆಮಾರು ಅದು, ಮಕ್ಕಳ ಈ ಹಂಬಲ ಅವರಿಗೆ ಹೊರಗಿನದಲ್ಲ. ಊಟದ ಹೊತ್ತಿಗೆ ಮಕ್ಕಳನ್ನು ‘ಇವತ್ತು ಅವರು ಏನು ಬೇಯಿಸಿದರು?’ ಎಂದು ಕೇಳಿ. ಮನೆಯಲ್ಲಿ ಮಾತು ಬೆಳೆಯುತ್ತದೆ.

15. ಮುಗಿಸಿದ ಮೇಲೆ ನಿಮ್ಮದನ್ನು ಶುರು ಮಾಡಿ

ಒಮ್ಮೆ ಮುಗಿದ ಮೇಲೆ ಮೊದಲ ಸಂಪುಟಕ್ಕೆ ಮರಳಿ. ಆರಂಭದ ಪುಟಗಳಲ್ಲೇ ಮುಂದಿನದಕ್ಕೆಲ್ಲ ಬೀಜ ಬಿದ್ದಿರುವುದು ಎರಡನೆಯ ಓದಿನಲ್ಲಿ ಕಾಣುತ್ತದೆ. ಕಥೆ ಕಟ್ಟುವುದು ಹೇಗೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಮೇಲೆ ಪೆನ್ಸಿಲ್ ಹಿಡಿಯಿರಿ. ಭಾರತದ ಮಕ್ಕಳಿಗೆ 1967ರಲ್ಲಿ ‘ಅಮರ ಚಿತ್ರ ಕಥಾ’ ಕೊಟ್ಟ ಅನಂತ ಪೈ ಕಾರ್ಕಳದವರು, ಇದೇ ಕರಾವಳಿಯ ಮಗ. ಕಾರವಾರದ ಮಣ್ಣಿನಲ್ಲಿ ಡಂಜನ್ ಕಥೆಗೆ ಬೇಕಾದ್ದೆಲ್ಲ ಇದೆ: ಕಾಳಿ ಹೊಳೆಯ ಬಾಯಲ್ಲಿ ಗುಡ್ಡದ ಮೇಲೆ ಸದಾಶಿವಗಡ ಕೋಟೆ, ಕಡಲಲ್ಲಿ ನಡುಗಡ್ಡೆಗಳು, ಬೆನ್ನಿಗೆ ಸಹ್ಯಾದ್ರಿ. ಕೋಟೆಯ ಕೆಳಗೆ ಏಳು ಮಹಡಿ ಇವೆ ಎಂದುಕೊಳ್ಳಿ. ಮೊದಲ ಮಹಡಿಯಲ್ಲಿ ಯಾವ ಜೀವಿ? ಅದು ಏನು ತಿನ್ನುತ್ತದೆ? ಅದನ್ನು ಹಿಡಿದರೆ ಹುಳಿ ಹಾಕಬೇಕೋ, ಕಾಯಿ ಅರೆಯಬೇಕೋ, ಬಿಸಿಲಿಗಿಟ್ಟು ಒಣಗಿಸಿ ಮಳೆಗಾಲಕ್ಕೆ ಎತ್ತಿಡಬೇಕೋ? ಇಳಿಯುವವರು ಯಾರು, ಯಾರನ್ನು ಮರಳಿ ತರಲು ಇಳಿಯುತ್ತಾರೆ? ಈ ಐದು ಪ್ರಶ್ನೆಗೆ ಉತ್ತರ ಬರೆದರೆ ಮೊದಲ ಅಧ್ಯಾಯ ಸಿದ್ಧವಾದಂತೆ.

ಕನ್ನಡದಲ್ಲಿ ಇಂಥ ಉದ್ದದ ಚಿತ್ರಕಥೆಗಳು ಇನ್ನೂ ಬೇಕು. ಬರೆಯುವವರು ಎಲ್ಲಿಂದಲೋ ಇಳಿದು ಬರುವುದಿಲ್ಲ. ಗಮನವಿಟ್ಟು ಓದಿದ, ಗಮನವಿಟ್ಟು ನೋಡಿದ ಹುಡುಗ ಹುಡುಗಿಯರಿಂದಲೇ ಬರಬೇಕು. ಮೊದಲ ಸಂಪುಟಕ್ಕೆ ಇವತ್ತೇ ಹೇಳಿ ಕಳಿಸಿ. ನಾಲ್ವರಲ್ಲಿ ಚಿತ್ರ ಬಲ್ಲವರು ಯಾರು, ಕಥೆ ಬಲ್ಲವರು ಯಾರು ಎಂದು ಈಗಲೇ ಗೊತ್ತುಮಾಡಿಕೊಳ್ಳಿ.